ನಮ್ಮ ಸ್ಕ್ವೇರ್ ಡ್ಯಾನ್ಸ್ ಟೀಚರ್ ಪರವಾಗಿ ಸಿಯಾಟಲ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ನಮ್ಮ ಕನ್ನಡ ಸಂಘದ ಸಮಿತಿಯವರಿಗೆ, ಸಿಯಾಟಲ್ ಸುತ್ತಮುತ್ತ ಇರೋ ಎಲ್ಲಾ ಕನ್ನಡದವರಿಗೆ ನಮಸ್ಕಾರ.

ವಿಷಯ ನೇರವಾಗಿ ಹೇಳ್ಬಿಡ್ತೀನಿ. ನಮ್ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಒಂದು ಗ್ರೇಂಜ್ ಹಾಲ್ ಇದೆ, ಇಲ್ಲಿನ ರೈತರ ಸಂಘದ್ದು, ಅಲ್ಲಿ ಪ್ರತಿ ಗುರುವಾರ ಸಂಜೆ ಸ್ಕ್ವೇರ್ ಡ್ಯಾನ್ಸ್, ಅಂದ್ರೆ ಎಂಟೆಂಟು ಜನ ಚೌಕವಾಗಿ ನಿಂತು ಕುಣಿಯೋ ಇಲ್ಲಿನ ಜನಪದ ಕುಣಿತ, ನಡೆಯತ್ತೆ, ಅದನ್ನ ನಡೆಸ್ತಾ ಇರೋರು 79 ವರ್ಷದ ಒಬ್ಬ ರಿಟೈರ್ಡ್ ಪ್ರೈಮರಿ ಸ್ಕೂಲ್ ಟೀಚರ್, ಹೆಚ್ಚು ಕಮ್ಮಿ ಐವತ್ತು ವರ್ಷದಿಂದ ನಡೆಸ್ಕೊಂಡು ಬಂದಿದಾರೆ, ಈಗ ಬರೋ ಜನ ಕಮ್ಮಿ ಆಗಿ ಕ್ಲಬ್ ಮುಚ್ಚೋ ಹಂತಕ್ಕೆ ಬಂದಿದೆ. ನಮ್ಮವರು ಅಲ್ಲಿಗೆ ಬರಬೇಕು ಅಂತ ಕೇಳ್ಕೊಳ್ಳೋಕೆ ಈ ಪತ್ರ. ಪತ್ರ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ಅವರ ಹೆಸರು ಹಾಕ್ಬೇಡ ಅಂತ ಅವರೇ ಹೇಳಿದಾರೆ, ಹಾಗಾಗಿ ಟೀಚರ್ ಅಂತಲೇ ಬರೀತೀನಿ, ನಾವು ಕರೆಯೋದೂ ಹಾಗೇ. ನಮ್ಮಮ್ಮ ಮಾತ್ರ ಟೀಚರಮ್ಮ ಅಂತಾರೆ.

ಆರು ವರ್ಷದ ಹಿಂದೆ ಅಪ್ಪ ತೀರಿಹೋದ ಮೇಲೆ ಅಮ್ಮನ್ನ ಮೊದಲನೇ ಸಲ ಇಲ್ಲಿಗೆ ಕರೆಸ್ಕೊಂಡ್ವಿ. ವಿಸಿಟರ್ ವೀಸಾ ಮೇಲೆ ಆರು ತಿಂಗಳು. ನಿಮ್ಮಲ್ಲಿ ಎಷ್ಟೋ ಜನರ ಮನೇಲಿ ಇದೇ ಕಥೆ ಅಲ್ವಾ, ಬೆಳಗ್ಗೆ ಎಂಟಕ್ಕೆ ನಾವಿಬ್ರೂ ಲ್ಯಾಪ್‌ಟಾಪ್ ಮುಂದೆ ಕೂತ್ರೆ ಮುಗೀತು, ಮಗು ಸ್ಕೂಲಿಗೆ ಹೋದ್ರೆ ಮನೆ ನಿಶ್ಶಬ್ದ, ಹೊರಗಡೆ ಮಳೆ, ಬಸ್ಸಲ್ಲಿ ಒಬ್ಬರೇ ಹೋಗೋಕೆ ಆಗಲ್ಲ, ಪಕ್ಕದ ಮನೆಯವರ ಮುಖ ನೋಡಿರಲ್ಲ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಬೆಳಗಾದ್ರೆ ಹತ್ತು ಜನರ ಹತ್ರ ಮಾತಾಡ್ತಿದ್ದ ಹೆಂಗಸು ಇಲ್ಲಿ ಕಿಟಕಿ ಹತ್ರ ಕೂತು ಹೋಗೋ ಬರೋ ಕಾರ್ ಎಣಿಸ್ತಾ ಇದ್ರು. ಒಂದಿನ ಮೀಟಿಂಗ್ ಮುಗಿಸಿ ಎದ್ದಾಗ ‘ಇವತ್ತು ಕೆಂಪು ಕಾರು ಹನ್ನೊಂದು ಹೋದ್ವು’ ಅಂದ್ರು, ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಯ್ತು.

ಆ ವಾರ ಲೈಬ್ರರಿಗೆ ಹೋದಾಗ ನೋಟಿಸ್ ಬೋರ್ಡ್ ಮೇಲೆ ಒಂದು ಚೀಟಿ ನೋಡಿದೆ, ಕೈಬರಹದ್ದು. ಗುರುವಾರ ಸಂಜೆ ಆರೂವರೆಗೆ ಹೊಸಬರಿಗೆ ಸ್ಕ್ವೇರ್ ಡ್ಯಾನ್ಸ್, ಜೋಡಿ ಬೇಕಿಲ್ಲ, ಡ್ಯಾನ್ಸ್ ಬರಬೇಕಿಲ್ಲ, ನಡೆಯೋಕೆ ಬಂದ್ರೆ ಸಾಕು ಅಂತ ಇತ್ತು. ನಡೆಯೋಕೆ ಬಂದ್ರೆ ಸಾಕು ಅನ್ನೋ ಮಾತಿಗೋಸ್ಕರ ಹೋದ್ವಿ.

ಗ್ರೇಂಜ್ ಅಂದ್ರೆ ಇಲ್ಲಿನ ರೈತರ ಸಂಘ, 1867ರಲ್ಲಿ ಶುರುವಾದದ್ದು, ಊರೂರಲ್ಲಿ ಅವರ ಹಾಲ್‌ಗಳಿವೆ. ನಮ್ಮದು ಹಳೇ ಮರದ ಕಟ್ಟಡ, ಮರದ ನೆಲ, ಒಂದು ಚಿಕ್ಕ ಸ್ಟೇಜು, ಮೂಲೇಲಿ ಕಾಫಿ ಕಾಯಿಸೋ ದೊಡ್ಡ ಪಾತ್ರೆ. ಸ್ಟೇಜ್ ಮೇಲೆ ಟೀಚರ್ ಮೈಕ್ ಹಿಡ್ಕೊಂಡು ನಿಂತಿದ್ರು, ಗಿಡ್ಡಕ್ಕೆ, ಬಿಳೀ ಕೂದಲು, ಕಾಲಿಗೆ ಕ್ಯಾನ್ವಾಸ್ ಶೂ. ಒಳಗೆ ಬಂದವರೆಲ್ಲಾ ನಮ್ಮಮ್ಮನ ಸೀರೆ ನೋಡಿದ್ರು, ಟೀಚರ್ ಸ್ಟೇಜಿಂದ ಇಳಿದು ಬಂದು ಅಮ್ಮನ ಕಾಲು ನೋಡಿದ್ರು. ಚಪ್ಪಲಿ ಇತ್ತು. ಒಳಗೆ ಹೋಗಿ ಒಂದು ಡಬ್ಬದಿಂದ ನಾಲ್ಕು ಜೊತೆ ಶೂ ತಂದು ಮುಂದೆ ಇಟ್ಟು ಯಾವುದು ಆಗತ್ತೆ ನೋಡಿ ಅಂತ ಸನ್ನೆ ಮಾಡಿದ್ರು. ಅಮ್ಮ ಸೀರೆ ನೆರಿಗೆ ಸ್ವಲ್ಪ ಮೇಲಕ್ಕೆ ಸಿಕ್ಕಿಸ್ಕೊಂಡ್ರು. ಅಷ್ಟೇ, ಶುರು.

ಗೊತ್ತಿಲ್ಲದವರಿಗೆ ಇದು ಹೇಗೆ ಅಂತ ಹೇಳ್ತೀನಿ. ನಾಲ್ಕು ಜೋಡಿ, ಎಂಟು ಜನ, ಚೌಕದ ನಾಲ್ಕು ಕಡೆಗೂ ಒಂದೊಂದು ಜೋಡಿ ಒಳಮುಖವಾಗಿ ನಿಲ್ಲೋದು. ಪಕ್ಕದಲ್ಲಿರೋರು ನಿಮ್ಮ ಪಾರ್ಟ್ನರ್, ಇನ್ನೊಂದು ಪಕ್ಕದಲ್ಲಿರೋ ಬೇರೆ ಜೋಡಿಯವರು ನಿಮ್ಮ ಕಾರ್ನರ್. ಸ್ಟೇಜ್ ಮೇಲಿಂದ ಕಾಲರ್, ಅಂದ್ರೆ ಕರೆ ಕೊಡೋರು, ಮ್ಯೂಸಿಕ್ ಜೊತೆಗೆ ಒಂದೊಂದೇ ಕರೆ ಕೊಡ್ತಾ ಹೋಗ್ತಾರೆ, ಕೇಳಿಸ್ಕೊಂಡು ಆ ಕ್ಷಣಕ್ಕೆ ಅದನ್ನ ಮಾಡ್ಬೇಕು. ಮುಂದೆ ಏನು ಬರತ್ತೆ ಅಂತ ಕುಣಿಯೋರಿಗೆ ಗೊತ್ತಿರಲ್ಲ. ಬಾಯಿಪಾಠ ಮಾಡ್ಕೊಂಡು ಸ್ಟೇಜ್ ಮೇಲೆ ತೋರಿಸೋ ಡ್ಯಾನ್ಸ್ ಅಲ್ಲ ಇದು, ನೋಡೋರೇ ಇರಲ್ಲ, ಎಲ್ಲರೂ ಕುಣಿಯೋರೇ. ಹೆಜ್ಜೆ ಕಲಿಯೋ ತಲೆನೋವಿಲ್ಲ, ತಾಳಕ್ಕೆ ಸರಿಯಾಗಿ ನಡೆದ್ರೆ ಆಯ್ತು, ನಿಮಿಷಕ್ಕೆ 120ರಿಂದ 128 ಬೀಟ್.

ಅಲ್ಲಿ ಒಂದು ಕರೆ ಇದೆ, ಅಲಮಾಂಡ್ ಲೆಫ್ಟ್ ಅಂತ. ಕಾರ್ನರ್ ಕಡೆ ತಿರುಗಿ ಅವರಿಗೆ ಎಡಗೈ ಕೊಟ್ಟು ಒಂದು ಸುತ್ತು ಸುತ್ತೋದು. ಮೊದಲನೇ ದಿನವೇ ಅಮ್ಮ ಇಲ್ಲಿ ನಿಂತುಬಿಟ್ರು. ಎದುರಿಗಿದ್ದವರು ವಯಸ್ಸಾದವರು, ಅವರಿಗೆ ಎಡಗೈ ಕೊಡೋದು ಹೇಗೆ? ಅಮ್ಮ ಬಲಗೈ ಮುಂದೆ ಮಾಡ್ತಾರೆ, ಅವರು ಎಡಗೈ ಚಾಚ್ತಾರೆ, ಇಡೀ ಚೌಕ ಅಲ್ಲೇ ಸಿಕ್ಕಾಕ್ಕೊಳ್ಳತ್ತೆ. ಎರಡು ಸಲ ಹೀಗಾಯ್ತು, ಬೇರೆಯವರಾಗಿದ್ರೆ ಇವರಿಗೆ ಎಡ ಬಲ ಗೊತ್ತಾಗ್ತಿಲ್ಲ ಅಂದ್ಕೊಂಡಿರೋರು. ಟೀಚರ್ ಮ್ಯೂಸಿಕ್ ನಿಲ್ಲಿಸಿ ನನ್ನ ಹತ್ರ ಬಂದು ಇವರಿಗೆ ಎಡಗೈ ಕೊಡೋಕೆ ಮನಸ್ಸಿಲ್ಲ ಅಲ್ವಾ, ಯಾಕೆ ಅಂತ ಕೇಳಿದ್ರು. ನಾನು ಹೇಳಿದೆ, ನಮ್ಮಲ್ಲಿ ದೊಡ್ಡವರಿಗೆ ಎಡಗೈಯಲ್ಲಿ ಏನೂ ಕೊಡಲ್ಲ ಅಂತ. ಅವರು ನಗಲಿಲ್ಲ. ಅಮ್ಮನ ಮುಂದೆ ನಿಂತು ತಮ್ಮ ಎಡಗೈ ಚಾಚಿ, ಅಂಗೈ ಮುಟ್ಟದೆ ಮೊಣಕೈ ಕೆಳಗೆ ಮುಂದೋಳು ಹಿಡ್ಕೊಂಡು ಸುತ್ತೋದು ತೋರಿಸಿದ್ರು. ಆ ಕರೆ ಸರಿಯಾಗಿ ಮಾಡೋ ಕ್ರಮವೇ ಅದು, ಉಳಿದವರೂ ಸೋಮಾರಿತನಕ್ಕೆ ಅಂಗೈ ಹಿಡಿತಾ ಇದ್ರಂತೆ, ಅವತ್ತು ಹಾಲ್‌ನಲ್ಲಿದ್ದ ಎಲ್ಲರಿಗೂ ಹೊಸದಾಗಿ ಪಾಠ ಆಯ್ತು. ಅಮ್ಮ ಮುಂದೋಳು ಹಿಡ್ಕೊಂಡು ಸುತ್ತಿದ್ರು. ಇಂಗ್ಲಿಷ್ ಒಂದಕ್ಷರ ಬರದ ಹೆಂಗಸಿಗೆ ಹತ್ತು ವಾರದಲ್ಲಿ ಮೂವತ್ತು ಚಿಲ್ಲರೆ ಕರೆ ಬಂತು.

ಮೂವತ್ತೇಳು ವರ್ಷ ನಾಲ್ಕನೇ ಕ್ಲಾಸಿಗೆ ಪಾಠ ಹೇಳಿದವರ ಕೈಗುಣ ಅದು. ಕ್ಲಾಸಲ್ಲಿ ಯಾವ ಮಗು ಯಾಕೆ ಹಿಂದೆ ಬಿತ್ತು ಅಂತ ನೋಡೋ ಕಣ್ಣಿದೆಯಲ್ಲ, ಅದೇ ಕಣ್ಣು ಸ್ಟೇಜ್ ಮೇಲೂ.

ಇವರು ಇದಕ್ಕೆ ಬಂದದ್ದೂ ಸ್ಕೂಲಿಂದಲೇ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಮಳೆಗಾಲದಲ್ಲಿ ಮಕ್ಕಳನ್ನ ಆಟಕ್ಕೆ ಹೊರಗೆ ಬಿಡೋಕಾಗದೆ ಜಿಮ್ ಒಳಗೆ ಸ್ಕ್ವೇರ್ ಡ್ಯಾನ್ಸ್ ಹೇಳ್ಕೊಡಿ ಅಂತ ಹೆಡ್ ಮಾಸ್ಟರ್ ಒಂದು ಗ್ರಾಮಫೋನ್ ರೆಕಾರ್ಡ್ ಕೈಗಿಟ್ಟರಂತೆ. ರೆಕಾರ್ಡಿನ ವೇಗಕ್ಕೆ ಮಕ್ಕಳಿಗೆ ಆಗ್ತಿರಲಿಲ್ಲ, ರೆಕಾರ್ಡ್ ಮಕ್ಕಳಿಗೋಸ್ಕರ ನಿಲ್ಲಲ್ಲ ಅಲ್ವಾ, ಅದಕ್ಕೆ ತಾವೇ ಕರೆ ಕೊಡೋದು ಕಲಿಯೋಣ ಅಂತ ಊರಿನ ಕ್ಲಬ್ಬಿಗೆ ಹೋದರು. ಆವಾಗ ಹೆಂಗಸರು ಕಾಲರ್ ಆಗೋದು ಅಪರೂಪ. ಗಂಡಸಿನ ದನಿಗೆ ಮಾತ್ರ ಜನ ಕುಣಿಯೋದು ಅಂತ ಒಂದು ಕ್ಲಬ್ಬಿನವರು ಮುಖದ ಮೇಲೆ ಹೇಳಿ ಕಳ್ಸಿದ್ರಂತೆ. ಇವರು ತಮ್ಮದೇ ಕ್ಲಬ್ ಶುರು ಮಾಡಿದ್ರು. ಅವರ ಯಜಮಾನ್ರು ಸ್ಪೀಕರ್ ಆಂಪ್ಲಿಫೈಯರ್ ಎಲ್ಲಾ ರಿಪೇರಿ ಮಾಡ್ತಾ ಜೊತೆಗಿದ್ರು, ಈಗ ಅವರಿಲ್ಲ. ಈಗ ಲ್ಯಾಪ್‌ಟಾಪಲ್ಲಿ ಮ್ಯೂಸಿಕ್ಕು, ಆದ್ರೂ ಹಳೇ ರೆಕಾರ್ಡ್ ಪೆಟ್ಟಿಗೆ ಪ್ರತಿ ಗುರುವಾರ ಹಾಲ್‌ಗೆ ಬರತ್ತೆ, ಸ್ಪೀಕರ್ ನಾವು ಎತ್ಕೊಂಡು ಹೋಗ್ತೀವಿ, ಪೆಟ್ಟಿಗೆ ಮಾತ್ರ ಅವರೇ ಎತ್ಕೋತಾರೆ.

ಇದು ಬಿಳಿಯರ ಡ್ಯಾನ್ಸು, ಕೌಬಾಯ್ ಡ್ಯಾನ್ಸು, ನಮಗ್ಯಾಕೆ ಅಂತ ನಿಮ್ಮಲ್ಲಿ ಕೆಲವರು ನನಗೆ ಹೇಳಿದೀರ. ಇದೇ ಪ್ರಶ್ನೆ ನಾನು ಟೀಚರ್‌ಗೇ ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಅರ್ಧ ಗಂಟೆ ಪಾಠ ಮಾಡಿದ್ರು. ಹೆಜ್ಜೆಗಳು ಇಂಗ್ಲೆಂಡಿನ ಹಳ್ಳಿ ಕುಣಿತದಿಂದ, ಫ್ರಾನ್ಸಿನ ಕೊಟಿಲಿಯನ್, ಕ್ವಾಡ್ರಿಲ್ ಅನ್ನೋ ಕುಣಿತಗಳಿಂದ ಬಂದವು. ಡೋಸಿಡೋ ಅಂತ ಒಂದು ಕರೆ ಇದೆ, ಅದು ಫ್ರೆಂಚಿನಲ್ಲಿ ಬೆನ್ನಿಗೆ ಬೆನ್ನು ಅನ್ನೋ ಮಾತು, ಬಾಯಲ್ಲಿ ಸವೆದು ಹೀಗಾಗಿದೆ. ಅಲಮಾಂಡ್ ಅಂದ್ರೆ ಜರ್ಮನಿಯದ್ದು ಅಂತ. ಆದ್ರೆ ಹೀಗೆ ಒಬ್ಬರು ನಿಂತು ಕರೆ ಕೊಡೋ ಪದ್ಧತಿ ಬೆಳೆದದ್ದರಲ್ಲಿ ಕಪ್ಪು ಜನರ ಪಾಲು ದೊಡ್ಡದು, ಗುಲಾಮಗಿರಿ ಕಾಲದಲ್ಲಿ ಕುಣಿತಗಳಿಗೆ ಪಿಟೀಲು ಬಾರಿಸ್ತಾ ಕರೆ ಕೊಡ್ತಿದ್ದವರು ಅವರು, ಬಹಳ ಕಾಲ ಆ ಮಾತನ್ನ ಯಾರೂ ಎತ್ತಲಿಲ್ಲ ಅಂದ್ರು. 1920ರ ದಶಕದಲ್ಲಿ ಕಾರ್ ಕಂಪನಿಯ ಹೆನ್ರಿ ಫೋರ್ಡ್ ದುಡ್ಡು ಸುರಿದು ಹಳೇ ಕುಣಿತಗಳನ್ನ ಸ್ಕೂಲುಗಳಿಗೆ ಹತ್ತಿಸಿದ್ದು ಜಾಝ್ ಮೇಲಿನ ದ್ವೇಷಕ್ಕೆ, ಯಹೂದಿಗಳ ಮೇಲಿನ ದ್ವೇಷಕ್ಕೆ ಅನ್ನೋದನ್ನೂ ಅವರೇ ಹೇಳಿದ್ರು. ಹೊಸಬರ ಪ್ರತಿ ಬ್ಯಾಚಿಗೂ ಇದನ್ನ ಹೇಳ್ತಾರೆ, ಮುಚ್ಚಿಡಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಆವತ್ತು.

ಆಮೇಲೆ ಅವರ ಮುಖ ಅರಳಿದ್ದು ಲಾಯ್ಡ್ ಶಾ ಹೆಸರು ಬಂದಾಗ. ಕೊಲರಾಡೊ ಸ್ಪ್ರಿಂಗ್ಸ್‌ನ ಶಯನ್ ಮೌಂಟನ್ ಸ್ಕೂಲಿನ ಮುಖ್ಯಸ್ಥರು, ಎಲ್ಲರೂ ಪ್ಯಾಪಿ ಅಂತ ಕರೀತಿದ್ರು. ಹಳ್ಳಿಗಳಲ್ಲಿ ಮುದುಕರ ಜೊತೆ ಸತ್ತುಹೋಗ್ತಿದ್ದ ಕುಣಿತಗಳನ್ನ ಹುಡುಕಿ ಬರೆದಿಟ್ಟು, ತಮ್ಮ ಹೈಸ್ಕೂಲ್ ಮಕ್ಕಳಿಗೆ ಕಲಿಸಿ, ಆ ಮಕ್ಕಳನ್ನ ಊರೂರಿಗೆ ಕರ್ಕೊಂಡು ಹೋಗಿ ಕುಣಿಸಿದ್ರು, 1939ರಲ್ಲಿ ಪುಸ್ತಕ ಮಾಡಿದ್ರು, ಬೇಸಿಗೆ ರಜೆಯಲ್ಲಿ ಬೇರೆ ಬೇರೆ ಕಡೆಯ ಟೀಚರ್‌ಗಳು ಬಂದು ಅವರ ಹತ್ರ ಕಲಿತು ಹೋದರು. ಇವತ್ತು ಸ್ಕ್ವೇರ್ ಡ್ಯಾನ್ಸ್ ಉಳಿದಿದ್ರೆ ಅದರಲ್ಲಿ ಒಬ್ಬ ಮೇಷ್ಟ್ರ ಪಾಲು ಅಷ್ಟು ದೊಡ್ಡದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಳ್ಳೇ ಮೈಕು ಸ್ಪೀಕರು ಬಂದು ಒಬ್ಬರ ಕರೆಗೆ ನೂರಾರು ಜನ ಕುಣಿಯೋ ಹಾಗಾಯ್ತು, 1952ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಮೊದಲ ರಾಷ್ಟ್ರೀಯ ಸಮ್ಮೇಳನ. ಅಂದ ಹಾಗೆ ನಾವಿರೋ ಈ ವಾಷಿಂಗ್ಟನ್ ರಾಜ್ಯ 1979ರಲ್ಲೇ ಸ್ಕ್ವೇರ್ ಡ್ಯಾನ್ಸನ್ನ ರಾಜ್ಯದ ನೃತ್ಯ ಅಂತ ಘೋಷಿಸಿದೆ. ಇಷ್ಟು ವರ್ಷದಿಂದ ಇಲ್ಲಿ ಟ್ಯಾಕ್ಸ್ ಕಟ್ಟಿ, ಮನೆ ತಗೊಂಡು, ಮಕ್ಕಳನ್ನ ಸಾಕ್ತಾ ಇದೀವಿ, ನಮ್ಮದೇ ರಾಜ್ಯದ ಕುಣಿತ ನೋಡಿಲ್ಲ.

ನಮಗೆ ಇದು ಹೊಸದೂ ಅಲ್ಲ, ಅದನ್ನ ಕಂಡುಹಿಡಿದದ್ದು ಅಮ್ಮ. ಒಂದು ಕರೆ ಇದೆ, ರೈಟ್ ಅಂಡ್ ಲೆಫ್ಟ್ ಗ್ರಾಂಡ್, ಗಂಡಸರೆಲ್ಲಾ ಒಂದು ದಿಕ್ಕಿಗೆ ಹೆಂಗಸರೆಲ್ಲಾ ಎದುರು ದಿಕ್ಕಿಗೆ, ಒಬ್ಬರಿಗೆ ಬಲಗೈ ಮುಂದಿನವರಿಗೆ ಎಡಗೈ ಕೊಡ್ತಾ ಒಳಗೆ ಹೊರಗೆ ನುಸುಳ್ಕೊಂಡು ಹೋಗೋದು. ಕೈ ಮುಟ್ಟದೆ ಹಾಗೇ ನುಸುಳಿದ್ರೆ ಅದಕ್ಕೆ ವೀವ್ ದ ರಿಂಗ್ ಅಂತಾರೆ. ಅಮ್ಮ ಅದನ್ನ ಮೊದಲ ಸಲ ಮಾಡಿ ಮುಗಿಸಿ, ಏದುಸಿರು ಬಿಡ್ತಾ, ‘ಲೇ, ಇದು ಜಡೆ ಕೋಲಾಟ ಕಣೇ, ಹಗ್ಗ ಒಂದಿಲ್ಲ ಅಷ್ಟೇ’ ಅಂದ್ರು. ಜಡೆ ಕೋಲಾಟ ನೋಡಿದವರಿಗೆ ಗೊತ್ತು, ಮೇಲಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನ ಹಿಡ್ಕೊಂಡು ಹೀಗೇ ಒಳಗೆ ಹೊರಗೆ ಸುತ್ತುತ್ತಾ ಜಡೆ ಹೆಣೆಯೋದು, ಮತ್ತೆ ಉಲ್ಟಾ ಸುತ್ತಿ ಬಿಚ್ಚೋದು, ಒಬ್ಬರು ತಪ್ಪಿದ್ರೂ ಗಂಟು. ಅಮ್ಮ ಚಿಕ್ಕೋರಿದ್ದಾಗ ಊರಹಬ್ಬದಲ್ಲಿ ಆಡಿದ್ದಂತೆ, ನನಗೆ ಅದುವರೆಗೂ ಗೊತ್ತೇ ಇರಲಿಲ್ಲ. ಮುಂದಿನ ಗುರುವಾರ ಬ್ರೇಕ್‌ನಲ್ಲಿ ಟೀಚರ್ ಸೀಲಿಂಗ್ ಫ್ಯಾನ್ ಕೊಕ್ಕೆಗೆ ಎಂಟು ರಿಬ್ಬನ್ ಕಟ್ಟಿಸಿ, ಅಮ್ಮನ ಕೈಗೆ ಮೈಕ್ ಕೊಟ್ಟು, ನೀವು ಕಲಿಸಿ ಅಂದ್ರು. ಅಮ್ಮ ಮೈಕ್ ಪಕ್ಕಕ್ಕಿಟ್ಟು ಕನ್ನಡದಲ್ಲೇ ‘ಒಳಕ್ ಬಾ, ಈಚೆಗ್ ಹೋಗು’ ಅಂತ ಕೂಗ್ತಾ ಕಲಿಸಿದ್ರು, ಎಂಟು ಜನ ಅಮೆರಿಕನ್ ಅಜ್ಜ ಅಜ್ಜಿಯರು ಜಡೆ ಹೆಣೆದ್ರು.

ಒಳ್ಳೇ ಕಾಲರ್ ಕೆಲಸ ಎಷ್ಟು ಕಷ್ಟ ಅಂತ ನನಗೆ ಅವರ ಮನೆಗೆ ಹೋಗೋ ತನಕ ಗೊತ್ತಿರಲಿಲ್ಲ. ಒಂದು ಸಲದ ಕುಣಿತಕ್ಕೆ ಟಿಪ್ ಅಂತಾರೆ, ಅದರಲ್ಲಿ ಎರಡು ಭಾಗ, ಮೊದಲು ಪ್ಯಾಟರ್, ಅಂದ್ರೆ ಹಾಡಿಲ್ಲದೆ ತಾಳಕ್ಕೆ ಬರೀ ಕರೆ ಕೊಡೋದು, ಆಮೇಲೆ ಹಾಡು. ಹಾಡಿನ ಭಾಗದಲ್ಲಿ 64 ಬೀಟಿನ ಏಳು ಸುತ್ತು, ಅದರಲ್ಲಿ ನಾಲ್ಕು ಸುತ್ತಿನಲ್ಲಿ ಜೋಡಿ ಬದಲಾಗ್ತಾ ಹೋಗಿ ಕೊನೆಗೆ ನಿಮ್ಮ ಪಾರ್ಟ್ನರ್ ನಿಮ್ಮ ಹತ್ರಕ್ಕೇ ಬಂದಿರ್ತಾರೆ. ಪ್ಯಾಟರ್‌ನಲ್ಲಿ ಹಾಗೆ ಮೊದಲೇ ಗೊತ್ತಾದ ದಾರಿ ಇಲ್ಲ, ಕಾಲರ್ ಎಂಟು ಜನರನ್ನ ಎಲ್ಲೆಲ್ಲೋ ಚೆದುರಿಸಿ ಮತ್ತೆ ಪ್ರತಿಯೊಬ್ಬರನ್ನೂ ಅವರವರ ಜೋಡಿಗೆ ತಂದು ನಿಲ್ಲಿಸ್ಬೇಕು, ಅದೂ ಮ್ಯೂಸಿಕ್ ನಿಲ್ಲದ ಹಾಗೆ, ಯಾರು ಯಾರ ಜೋಡಿ ಅನ್ನೋದು ತಲೇಲಿ ಇಟ್ಕೊಂಡು. ಇದಕ್ಕೆ ಟೀಚರ್ ಅಡುಗೆಮನೆ ಟೇಬಲ್ ಮೇಲೆ ಎಂಟು ಕೋಟಿನ ಗುಂಡಿ ಇಟ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ರು, ಬಹಳ ಕಾಲರ್‌ಗಳು ಚೆಕರ್ಸ್ ಕಾಯಿ ಇಟ್ಕೋತಾರಂತೆ. ಎರಡನೇ ಸಲ ಬರುವಾಗ ಅಮ್ಮ ಚನ್ನಪಟ್ಟಣದಲ್ಲಿ ಇಳಿದು ಎಂಟು ಪುಟ್ಟ ಮರದ ಗೊಂಬೆ ತಂದ್ರು, ಕೆಂಪು, ಹಳದಿ, ಹಸಿರು, ನೀಲಿ, ಒಂದೊಂದು ಬಣ್ಣದಲ್ಲಿ ಗಂಡು ಹೆಣ್ಣು. ಈಗ ಆ ಟೇಬಲ್ ಮೇಲೆ ಅವೇ ಕುಣಿಯೋದು. ನಾನು ಕಳೆದ ತಿಂಗಳು ಹೋದಾಗ ಹಸಿರು ಗಂಡಿನ ಬಣ್ಣ ತಲೆ ಹತ್ರ ಸವೆದು ಒಳಗಿನ ಮರ ಕಾಣ್ತಾ ಇತ್ತು, ಅಷ್ಟು ಸಲ ಬೆರಳಲ್ಲಿ ಹಿಡಿದು ಎತ್ತಿಟ್ಟಿದಾರೆ. 79ನೇ ವಯಸ್ಸಿನಲ್ಲಿ, ಹದಿನೈದು ಜನ ಬರೋ ಒಂದು ಗುರುವಾರಕ್ಕೆ, ವಾರಕ್ಕೆ ಮೂರು ರಾತ್ರಿ ಕೂತು ತಯಾರಿ ಮಾಡ್ತಾರೆ.

ಕಾಲರ್‌ಲ್ಯಾಬ್ ಅಂತ ಕಾಲರ್‌ಗಳ ಸಂಘ ಒಂದಿದೆ, 1974ರಿಂದ. ಅವರು ಯಾವ ಹಂತದಲ್ಲಿ ಯಾವ ಕರೆ ಅಂತ ಒಂದೇ ಪಟ್ಟಿ ಮಾಡಿ, ಒಂದೊಂದಕ್ಕೂ ಅರ್ಥ ಗೊತ್ತು ಮಾಡಿದಾರೆ, ಜಪಾನಲ್ಲೂ ಜರ್ಮನಿಯಲ್ಲೂ ಸ್ವೀಡನ್ನಲ್ಲೂ ಅದೇ ಇಂಗ್ಲಿಷ್ ಕರೆ. ಒಂದ್ಸಲ ಜಪಾನಿನ ಗಂಡ ಹೆಂಡತಿ ಊರು ನೋಡೋಕೆ ಬಂದವರು ನಮ್ಮ ಹಾಲ್‌ಗೆ ಬಂದ್ರು, ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಅಮ್ಮನಿಗೂ ಅಷ್ಟಕ್ಕಷ್ಟೇ, ಒಂದೇ ಚೌಕದಲ್ಲಿ ಎರಡು ಗಂಟೆ ಒಂದೂ ತಪ್ಪಿಲ್ಲದೆ ಕುಣಿದ್ರು. ಹೋಗುವಾಗ ಆ ಯಮ್ಮ ನಮ್ಮಮ್ಮನ ಕೈ ಹಿಡ್ಕೊಂಡು ಬಗ್ಗಿ ಬಗ್ಗಿ ನಮಸ್ಕಾರ ಮಾಡಿದ್ರು, ಅಮ್ಮ ತಮ್ಮ ಕೈಚೀಲದಲ್ಲಿದ್ದ ಚಕ್ಕುಲಿ ಪೊಟ್ಟಣ ಕೊಟ್ಟು ಕಳ್ಸಿದ್ರು.

ಆರೋಗ್ಯದ ಮಾತೂ ಹೇಳ್ಬೇಕು, ಅಪ್ಪ ಅಮ್ಮಂದಿರ ವಿಷಯ ಆದ್ದರಿಂದ. 2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 75 ದಾಟಿದ 469 ಜನರ ಮೇಲಿನ ಒಂದು ಅಧ್ಯಯನ ಬಂದಿತ್ತು, ಅದರಲ್ಲಿ ನೋಡಿದ ದೈಹಿಕ ಚಟುವಟಿಕೆಗಳ ಪೈಕಿ ಮರೆವಿನ ಕಾಯಿಲೆ ಕಮ್ಮಿ ಇದ್ದದ್ದು ಡ್ಯಾನ್ಸ್ ಮಾಡೋರಲ್ಲಿ ಮಾತ್ರ. ಡ್ಯಾನ್ಸ್ ಮಾಡಿದ್ದಕ್ಕೇ ಕಾಯಿಲೆ ಬರಲಿಲ್ಲ ಅಂತ ಅದರಿಂದ ಖಚಿತವಾಗಿ ಹೇಳೋಕಾಗಲ್ಲ, ನಾನೂ ಹೇಳ್ತಾ ಇಲ್ಲ. ಆದ್ರೆ ಕಿವಿ ಕೇಳಿ, ತಲೆ ಓಡಿ, ಕಾಲು ನಡೆದು, ಎಂಟು ಜನರ ಮುಖ ನೋಡಿ ನಗೋ ಎರಡು ಗಂಟೆ ನಮ್ಮಮ್ಮನಿಗೆ ಏನು ಮಾಡ್ತು ಅಂತ ನನಗೆ ಗೊತ್ತು. ಕಾರ್ ಎಣಿಸೋದು ನಿಂತುಹೋಯ್ತು.

ಕಳೆದ ಆಗಸ್ಟಿನಲ್ಲಿ ಟೀಚರ್ ಹುಟ್ಟುಹಬ್ಬಕ್ಕೆ ನಾವೆಲ್ಲಾ ಸೇರಿ ಬೇರೆ ಊರಿಂದ ಒಬ್ಬ ಕಾಲರ್‌ನ ಕರೆಸಿದ್ವಿ. ಯಾಕೆ ಅಂದ್ರೆ ಕರೆ ಕೊಡೋರು ಕುಣಿಯೋಕಾಗಲ್ಲ. ಐವತ್ತು ವರ್ಷ ಬೇರೆಯವರನ್ನ ಕುಣಿಸಿದವರು ತಮ್ಮದೇ ಹಾಲ್‌ನಲ್ಲಿ ಕುಣಿದದ್ದು ಬೆರಳೆಣಿಕೆಯಷ್ಟು ಸಲ. ಗಂಡಸರು ಸಾಲದಿದ್ದಾಗ ಅಮ್ಮ ಗಂಡಿನ ಜಾಗದಲ್ಲಿ ನಿಲ್ತಾರೆ, ಗುರುತಿಗೆ ಹೆಗಲ ಮೇಲೆ ಒಂದು ಹಳದಿ ಪಟ್ಟಿ. ಅವತ್ತು ಅಮ್ಮನೇ ಹೋಗಿ ಸ್ಟೇಜ್ ಕೆಳಗೆ ನಿಂತು ‘ಬನ್ನಿ ಟೀಚರಮ್ಮ’ ಅಂತ ಕೈ ಚಾಚಿದ್ರು. ಎಡಗೈ. ಟೀಚರ್ ಅದನ್ನ ಗಮನಿಸಿದ್ರು, ಒಂದು ಕ್ಷಣ ಆ ಕೈಯನ್ನೇ ನೋಡಿದ್ರು, ಆಮೇಲೆ ಎರಡೂ ಕೈಯಲ್ಲಿ ಹಿಡ್ಕೊಂಡು ಕೆಳಗಿಳಿದ್ರು. ಇಬ್ಬರೂ ಒಂಬತ್ತೂವರೆ ತನಕ ಕೂರಲಿಲ್ಲ.

ಈಗ ಇರೋ ಕಷ್ಟ. ಕೋವಿಡ್‌ಗೆ ಮುಂಚೆ ಐದು ಚೌಕ ತುಂಬ್ತಾ ಇತ್ತು, ಈಗ ಎರಡಾದ್ರೆ ಹೆಚ್ಚು. ಕೆಲವರು ತೀರ್ಕೊಂಡ್ರು, ಕೆಲವರಿಗೆ ಮಂಡಿ ಆಪರೇಷನ್, ಕೆಲವರು ಮಕ್ಕಳ ಊರಿಗೆ ಹೋದರು. ಹಾಲ್ ಬಾಡಿಗೆ ಹೆಚ್ಚಾಗಿದೆ. ಹೋದ ಚಳಿಗಾಲ ಬಾಡಿಗೆಯಲ್ಲಿ ಕಮ್ಮಿ ಬಿದ್ದದ್ದನ್ನ ಟೀಚರ್ ತಮ್ಮ ಪೆನ್ಷನ್ನಿಂದ ಕಟ್ಟಿದಾರೆ ಅಂತ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಾಗ ಗೊತ್ತಾಯ್ತು, ಅವರು ಯಾರಿಗೂ ಹೇಳಿರಲಿಲ್ಲ. ನಾನು ಕೇಳಿದ್ದಕ್ಕೆ ಆ ಪುಸ್ತಕ ನೀನು ನೋಡಬಾರದಿತ್ತು ಅಂದ್ರು ಅಷ್ಟೇ. ಸೆಪ್ಟೆಂಬರ್‌ನಿಂದ ಮುಂದಕ್ಕೆ ಹಾಲ್ ಬೇಕಾ ಬೇಡವಾ ಅಂತ ಆಗಸ್ಟ್ ಕೊನೆಯೊಳಗೆ ಹೇಳ್ಬೇಕು. ಹೊಸಬರ ಒಂದು ಚೌಕ ಆದ್ರೂ ಸೇರಿದ್ರೆ ಸಹಿ ಹಾಕ್ತೀನಿ ಅಂದಿದಾರೆ.

ಸಮಿತಿಯವರೇ, ನಿಮ್ಮಲ್ಲಿ ನನ್ನದು ಎರಡು ಕೋರಿಕೆ. ಗಣೇಶನ ಹಬ್ಬದ ಕಾರ್ಯಕ್ರಮ ಆಗಲಿ ರಾಜ್ಯೋತ್ಸವ ಆಗಲಿ, ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಟೀಚರ್‌ಗೆ ಕೊಡಿ, ಸ್ಟೇಜ್ ಬೇಡ, ಕುರ್ಚಿ ಸರಿಸಿದ ಜಾಗ ಸಾಕು, ದುಡ್ಡು ಬೇಡ, ಬರ್ತೀನಿ ಅಂದಿದಾರೆ, ಚಿಕ್ಕ ಮಕ್ಕಳಿಂದ ಹಿಡಿದು ಅಜ್ಜಿಯರ ತನಕ ಎಲ್ಲರನ್ನೂ ಆ ಇಪ್ಪತ್ತು ನಿಮಿಷದಲ್ಲಿ ಕುಣಿಸ್ತಾರೆ, ಅದು ನನ್ನ ಜವಾಬ್ದಾರಿ. ಇನ್ನೊಂದು, ಈ ಪತ್ರವನ್ನ ಸಂಘದ ಎಲ್ಲಾ ವಾಟ್ಸಾಪ್ ಗ್ರೂಪಿಗೂ ಹಾಕಿ, ಮುಖ್ಯವಾಗಿ ಊರಿಂದ ಬಂದ ಅಪ್ಪ ಅಮ್ಮ ಮನೇಲಿರೋರಿಗೆ ತಲುಪಲಿ.

ಉಳಿದವರಿಗೆ, ಹೊಸಬರ ಕ್ಲಾಸು ಸೆಪ್ಟೆಂಬರ್ ಎರಡನೇ ಗುರುವಾರ, ಸಂಜೆ ಆರೂವರೆಗೆ. ಸುಮಾರು 50 ಕರೆ, ಹನ್ನೆರಡು ವಾರ. ಮೊದಲ ಮೂರು ವಾರ ದುಡ್ಡಿಲ್ಲ. ಸೀರೆ, ಪಂಚೆ, ಜೀನ್ಸ್ ಏನು ಬೇಕಾದ್ರೂ ಉಟ್ಕೊಂಡು ಬನ್ನಿ, ಹಳೇ ಕಾಲದ ಹಾಗೆ ಜಾಲರಿ ಲಂಗ ಹಾಕಲೇಬೇಕು ಅನ್ನೋ ನಿಯಮ ನಮ್ಮ ಕ್ಲಬ್ಬಲ್ಲಿಲ್ಲ. ಶೂ ಮಾತ್ರ ಮೆತ್ತಗಿರಲಿ, ಇಲ್ಲಾಂದ್ರೆ ಡಬ್ಬದಲ್ಲಿದೆ. ತಪ್ಪಿದ್ರೆ ಯಾರೂ ಏನೂ ಅನ್ನಲ್ಲ, ಪ್ರತಿ ಚೌಕದಲ್ಲೂ ಕಲಿತವರು ಕೆಲವರು ಜೊತೆಗೆ ನಿಂತು ಕೈ ತೋರಿಸ್ತಾರೆ, ಅವರಿಗೆ ಇಲ್ಲಿ ಏಂಜಲ್ ಅಂತ ಹೆಸರು. ಅಮ್ಮನೂ ಈ ಸಲ ಏಂಜಲ್, ಬ್ಯಾಡ್ಜ್ ಬಂದಿದೆ. ಕಾರಿಲ್ಲದವರನ್ನ ನಾವು ಕರ್ಕೊಂಡು ಹೋಗ್ತೀವಿ, ನಮ್ಮ ವ್ಯಾನಲ್ಲಿ ಜಾಗ ಇದೆ.

ಒಂದು ಚೌಕಕ್ಕೆ ಎಂಟು ಜನ. ನಮ್ಮನೆಯಿಂದ ನಾನು, ನಮ್ಮವರು, ಅಮ್ಮ ಮೂರು ಜನ ನಿಲ್ತೀವಿ. ಇನ್ನು ಐದು ಜನ ಬೇಕು, ಆಗಸ್ಟ್ 25ರೊಳಗೆ ಹೇಳಿ.

ಇಂತಿ,
ಮದ್ದೂರಿನ ಕಡೆಯವಳು, ಈಗ ನಿಮ್ಮ ಊರಿನವಳೇ